ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಖಾತೆ, ಯುಪಿಐ, ವಿದ್ಯಾರ್ಥಿವೇತನ, ಸಾಲ: ಒಂದು ಸಮಗ್ರ ಮಾರ್ಗದರ್ಶಿ

ಪದವಿಗೆ ಸೇರುವ ಹೊತ್ತಿಗೆ ಬಹುತೇಕ ವಿದ್ಯಾರ್ಥಿಗಳ ಫೋನಿನಲ್ಲಿ ಯುಪಿಐ ಆ್ಯಪ್ ಆಗಲೇ ಇರುತ್ತದೆ. ಆದರೂ ಮಂಜೂರಾದ ವಿದ್ಯಾರ್ಥಿವೇತನ ಕೈಗೆ ಬಾರದೆ ಅಲೆಯುವವರಿದ್ದಾರೆ, ಶುಲ್ಕ ಕಟ್ಟುವ ಕೊನೆಯ ದಿನ ಹಣ ನಡುವೆ ಸಿಕ್ಕಿಕೊಂಡು ಪೇಚಾಡುವವರಿದ್ದಾರೆ, ಐದು ಸಾವಿರಕ್ಕಾಗಿ ಯಾವುದೋ ಸಾಲದ ಆ್ಯಪ್‌ಗೆ ಕೈಯೊಡ್ಡುವವರಿದ್ದಾರೆ. ಹೆಚ್ಚಿನ ಸಲ ಇದಕ್ಕೆಲ್ಲ ಮೂಲ ಒಂದೇ. ಕೆಲಸ ಹಿಂದುಮುಂದಾಗಿ ನಡೆದಿರುತ್ತದೆ: ಮೊದಲು ಆ್ಯಪ್, ಆಮೇಲೆ ಹೇಗೋ ಒಂದು ಖಾತೆ, ಕೆವೈಸಿ (ಗುರುತು-ವಿಳಾಸದ ಪರಿಶೀಲನೆ) ಅರ್ಧಂಬರ್ಧ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಗೊತ್ತಿಲ್ಲ.

ಕೀನ್ಯಾದಲ್ಲಿ 2007ರಲ್ಲಿ ಸಫಾರಿಕಾಮ್ ಕಂಪನಿ ಶುರು ಮಾಡಿದ ಎಂ-ಪೆಸಾದಲ್ಲಿ ಬ್ಯಾಂಕ್ ಖಾತೆ ಇಲ್ಲದವರೂ ಬರೀ ಮೊಬೈಲ್ ಸಂಖ್ಯೆಯ ಮೇಲೆ ಹಣ ಇಟ್ಟುಕೊಳ್ಳಬಹುದು, ಏಜೆಂಟರ ಬಳಿ ನಗದು ಮಾಡಿಕೊಳ್ಳಬಹುದು. ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) 2016ರಲ್ಲಿ ತಂದ ನಮ್ಮ ಯುಪಿಐ ಹಾಗಲ್ಲ. ಅದು ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹಣ ಸಾಗಿಸುವ ದಾರಿ, ಅಷ್ಟೆ. ಸಾಮಾನ್ಯವಾಗಿ ಆ್ಯಪ್‌ನಲ್ಲಿ ಹಣ ಇರುವುದಿಲ್ಲ. ಹಾಗಾಗಿ ಕೆಳಗಿನ ಖಾತೆ ನೆಟ್ಟಗಿದ್ದರೆ ಮಾತ್ರ ಮೇಲಿನದೆಲ್ಲ ನೆಟ್ಟಗಿರುತ್ತದೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಮೊದಲ ಹೆಜ್ಜೆ: ಪೂರ್ಣ ಕೆವೈಸಿ ಆದ ಖಾತೆ

ಕನಿಷ್ಠ ಮೊತ್ತ ಇಡಲು ಆಗದಿದ್ದರೆ ಬ್ಯಾಂಕಿನಲ್ಲಿ "ಬಿಎಸ್‌ಬಿಡಿ ಖಾತೆ ಬೇಕು" ಎಂದು ಅದೇ ಹೆಸರಿನಿಂದ ಕೇಳಿ. ಮೂಲ ಉಳಿತಾಯ ಖಾತೆ ಎಂದರೂ ಇದೇ. ಇದಕ್ಕೆ ಕನಿಷ್ಠ ಶಿಲ್ಕು ಬೇಕಿಲ್ಲ, ಡೆಬಿಟ್ ಕಾರ್ಡಿಗೆ ಶುಲ್ಕವಿಲ್ಲ, ತಿಂಗಳಿಗೆ ಕನಿಷ್ಠ 4 ಸಲ ಹಣ ತೆಗೆಯುವುದು ಉಚಿತ. ಒಂದು ಷರತ್ತು: ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು. ಜನಧನ ಖಾತೆಯೂ ಇದೇ ಬಗೆಯದು. ಮನೆಯಲ್ಲಿ ಹಿಂದೆಯೇ ನಿಮ್ಮ ಹೆಸರಿನಲ್ಲಿ ತೆರೆದಿದ್ದರೆ ಹೊಸದರ ಅಗತ್ಯವೇ ಇಲ್ಲ.

ಹೆಚ್ಚು ಜನ ಎಡವುವುದು ಮನೆಯಲ್ಲೇ ಕೂತು ಆಧಾರ್ ಒಟಿಪಿ ಕೊಟ್ಟು ಐದು ನಿಮಿಷದಲ್ಲಿ ತೆರೆಯುವ ಖಾತೆಯಲ್ಲಿ. ಒಟಿಪಿ ಮಾತ್ರದಿಂದ ತೆರೆದ ಖಾತೆಗೆ ಆರ್‌ಬಿಐ ಮಿತಿ ಹಾಕಿದೆ: ಶಿಲ್ಕು 1 ಲಕ್ಷ ರೂಪಾಯಿ ದಾಟುವಂತಿಲ್ಲ, ಒಂದು ಆರ್ಥಿಕ ವರ್ಷದಲ್ಲಿ ಒಟ್ಟು ಜಮೆ 2 ಲಕ್ಷ ದಾಟುವಂತಿಲ್ಲ, ಒಂದು ವರ್ಷದೊಳಗೆ ಪೂರ್ಣ ಕೆವೈಸಿ ಆಗಲೇಬೇಕು. ಮೊದಲ ವರ್ಷ ಎಲ್ಲ ಚೆನ್ನಾಗಿಯೇ ನಡೆದು ಎರಡನೇ ವರ್ಷದ ಶುಲ್ಕದ ಹೊತ್ತಿಗೆ ಖಾತೆ ನಿಂತುಹೋಗುವುದು ಇದರಿಂದಲೇ. ವಿಡಿಯೊ ಕೆವೈಸಿ ಮಾಡಿ, ಇಲ್ಲವೇ ಶಾಖೆಗೆ ಹೋಗಿ ಆಧಾರ್, ಪ್ಯಾನ್ ತೋರಿಸಿ ಮುಗಿಸಿಬಿಡಿ. ಪ್ಯಾನ್ ಇಲ್ಲದಿದ್ದರೆ ಸದ್ಯಕ್ಕೆ ಪ್ಯಾನ್ ಇಲ್ಲವೆಂಬ ಘೋಷಣಾ ಪತ್ರ ನಡೆಯುತ್ತದೆ. ಆದರೂ ಪ್ಯಾನ್ ಮಾಡಿಸಿಕೊಳ್ಳಿ, ಮುಂದೆ ಸಾಲಕ್ಕೆ ಬೇಕೇ ಬೇಕು.

ಚಿಕ್ಕಂದಿನಲ್ಲಿ ತೆರೆದ ಖಾತೆಯಾದರೆ 18 ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಡಬೇಕು. ಕೊಡದಿದ್ದರೆ ವಹಿವಾಟಿಗೆ ತಡೆ ಬೀಳಬಹುದು.

ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ (ಶಾಖೆಯ ಗುರುತಿನ ಸಂಕೇತ) ಬರೆಯುವ ಅಭ್ಯಾಸ ಕರ್ನಾಟಕದಲ್ಲಂತೂ ಅಪಾಯದ್ದು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ 2020ರಲ್ಲಿ ಸೇರಿದವು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಅರ್ಜಿ ತುಂಬುವ ಮುನ್ನ ಶಾಖೆಯಲ್ಲೋ ಬ್ಯಾಂಕಿನ ಆ್ಯಪ್‌ನಲ್ಲೋ ಈಗಿನ ಐಎಫ್‌ಎಸ್‌ಸಿ ನೋಡಿಕೊಳ್ಳಿ.

ಎರಡನೇ ಹೆಜ್ಜೆ: ಆಧಾರ್ ಸೀಡಿಂಗ್

ಈ ಭಾಗವನ್ನು ನಿಧಾನವಾಗಿ ಓದಿ. ವಿದ್ಯಾರ್ಥಿವೇತನ ತಪ್ಪುವುದರಲ್ಲಿ ದೊಡ್ಡ ಪಾಲು ಇದರದೇ.

ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದು ಬೇರೆ, ಡಿಬಿಟಿಗಾಗಿ, ಅಂದರೆ ಸರ್ಕಾರಿ ಹಣ ನೇರ ಖಾತೆಗೆ ಬರಲು, ಸೀಡ್ (ಜೋಡಣೆ) ಮಾಡಿಸುವುದು ಬೇರೆ. ಮೊದಲನೆಯದು ಬ್ಯಾಂಕಿನ ದಾಖಲೆಯಲ್ಲಿ ಉಳಿಯುತ್ತದೆ. ಎರಡನೆಯದು ಎನ್‌ಪಿಸಿಐ ಮ್ಯಾಪರ್ ಎಂಬ ಪಟ್ಟಿಯಲ್ಲಿ ನಮೂದಾಗುತ್ತದೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಅದೂ ಕಡೆಯದಾಗಿ ಸೀಡ್ ಮಾಡಿಸಿದ್ದು. ಆಧಾರ್ ಮೂಲಕ ಬರುವ ಸರ್ಕಾರಿ ಹಣ, ಅರ್ಜಿಯಲ್ಲಿ ನೀವು ಬೇರೆ ಯಾವ ಖಾತೆ ಸಂಖ್ಯೆ ಬರೆದಿದ್ದರೂ, ಆ ಪಟ್ಟಿಯಲ್ಲಿರುವ ಬ್ಯಾಂಕಿಗೇ ಹೋಗುತ್ತದೆ. "ಹಣ ಬಂದಿಲ್ಲ" ಎಂದು ಕಚೇರಿಗೆ ಅಲೆಯುವ ಎಷ್ಟೋ ವಿದ್ಯಾರ್ಥಿಗಳ ಹಣ ಪಿಯುಸಿಯಲ್ಲಿದ್ದಾಗ ತೆರೆದು ಮರೆತ ಖಾತೆಯಲ್ಲಿ ಕೂತಿರುತ್ತದೆ.

ನೋಡುವ ಬಗೆ: ಮೈಆಧಾರ್ ಪೋರ್ಟಲ್‌ಗೆ ಒಟಿಪಿ ಕೊಟ್ಟು ಲಾಗಿನ್ ಆಗಿ, "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಒತ್ತಿ. ಬ್ಯಾಂಕಿನ ಹೆಸರು ಬಂದು ಸ್ಥಿತಿ "ಆ್ಯಕ್ಟಿವ್" ಎಂದಿರಬೇಕು. ರಾಜ್ಯದ ಯೋಜನೆಗಳ ಹಣ ಯಾವ ಖಾತೆಗೆ ಯಾವಾಗ ಬಿತ್ತೆಂದು "ಡಿಬಿಟಿ ಕರ್ನಾಟಕ" ಆ್ಯಪ್‌ನಲ್ಲಿ ಸಿಗುತ್ತದೆ. ಬ್ಯಾಂಕ್ ಬದಲಿಸಬೇಕಿದ್ದರೆ ಹೊಸ ಬ್ಯಾಂಕಿನ ಶಾಖೆಯಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ತುಂಬಿ, ಹಿಂದಿನ ಬ್ಯಾಂಕಿನ ಹೆಸರನ್ನೂ ಅದರಲ್ಲಿ ಬರೆಯಿರಿ. ಕೆಲವು ದಿನ ಬಿಟ್ಟು ಪೋರ್ಟಲ್‌ನಲ್ಲಿ ಮತ್ತೆ ನೋಡಿ. ಕೌಂಟರಿನಲ್ಲಿ "ಆಯ್ತು" ಎಂದರೆ ಸಾಲದು, ಪಟ್ಟಿಯಲ್ಲಿ ಹೆಸರು ಬದಲಾಗಿರಬೇಕು.

ವಿದ್ಯಾರ್ಥಿವೇತನಕ್ಕೆಂದೇ ಇರುವ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೂ ಕೇಂದ್ರದ ಎನ್‌ಎಸ್‌ಪಿಯಲ್ಲೂ ಅರ್ಜಿ ಹಾಕುವ ಮೊದಲು ಮೂರು ಕಾಗದಗಳಲ್ಲಿ ನಿಮ್ಮ ಹೆಸರು ಒಂದೇ ತೆರನಾಗಿದೆಯೇ ನೋಡಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ವಿಸ್ತರಿಸಿ ಬರೆದಿದ್ದರೆ ಹೊಂದಾಣಿಕೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಅದರಲ್ಲಿರುವಂತೆ ಆಧಾರ್ ತಿದ್ದಿಸುವುದು ಬೇಗ ಆಗುವ ಕೆಲಸ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನೂ ಕೈಯಲ್ಲಿಟ್ಟುಕೊಳ್ಳಿ. ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಅರ್ಜಿ ಕರೆಯುವವರೆಗೆ ಕಾಯದೆ ಈಗಲೇ ಹೊಸದು ಮಾಡಿಸಿ.

ಇನ್ನೊಂದು ಮಾತು. ಎರಡು ವರ್ಷ ನೀವಾಗಿ ಯಾವ ವಹಿವಾಟೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ಚಾಲೂ ಮಾಡಲು ಬ್ಯಾಂಕ್ ಶುಲ್ಕ ಕೇಳುವಂತಿಲ್ಲ, ಕನಿಷ್ಠ ಶಿಲ್ಕಿಲ್ಲವೆಂದು ದಂಡ ಹಾಕುವಂತಿಲ್ಲ. ಇದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮ. ಶಾಖೆಯಲ್ಲಿ ಕೇಳಿದರೆ ಧೈರ್ಯವಾಗಿ ಹೇಳಿ.

ಮೂರನೇ ಹೆಜ್ಜೆ: ಯುಪಿಐ ಹೂಡುವುದು

ಬ್ಯಾಂಕಿನಲ್ಲಿ ಕೊಟ್ಟ ಮೊಬೈಲ್ ಸಂಖ್ಯೆಯ ಸಿಮ್ ಅದೇ ಫೋನಿನಲ್ಲಿರಬೇಕು. ನೋಂದಣಿಯ ವೇಳೆ ಆ್ಯಪ್ ತಾನಾಗಿ ಒಂದು ಎಸ್‌ಎಂಎಸ್ ಕಳಿಸಿ ಸಿಮ್ಮನ್ನು ಖಾತ್ರಿ ಮಾಡಿಕೊಳ್ಳುತ್ತದೆ. ಅದು ಹೋಗದಿರಲು ಮೂರು ಮಾಮೂಲಿ ಕಾರಣ: ಎರಡು ಸಿಮ್‌ಗಳಲ್ಲಿ ತಪ್ಪಾದುದನ್ನು ಆರಿಸಿರುವುದು, ಪ್ಲಾನ್ ಮುಗಿದು ಎಸ್‌ಎಂಎಸ್ ಹೊರಹೋಗದಿರುವುದು, ಆ್ಯಪ್‌ಗೆ ಎಸ್‌ಎಂಎಸ್ ಅನುಮತಿ ಕೊಡದಿರುವುದು. ಹಾಸ್ಟೆಲಿನ ವೈಫೈ ಇದ್ದರೂ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೆ ಈ ಹಂತ ದಾಟುವುದಿಲ್ಲ.

ನಂತರ ಪಿನ್. ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಕೊಟ್ಟು, ಇಲ್ಲವೇ ಆಧಾರ್ ಒಟಿಪಿಯಿಂದ, 4 ಅಥವಾ 6 ಅಂಕಿಯ ಯುಪಿಐ ಪಿನ್ ಇಟ್ಟುಕೊಳ್ಳಬಹುದು. ಕಾರ್ಡ್ ಇನ್ನೂ ಬಂದಿಲ್ಲವೆಂದು ಕಾಯಬೇಕಿಲ್ಲ. ಹೊಸದಾಗಿ ನೋಂದಾಯಿಸಿದಾಗ ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳಿಸಲಾಗುವುದಿಲ್ಲ. ಫೋನ್ ಬದಲಿಸಿದ ಮೇಲೂ ಇಂಥ ಮಿತಿ ಎದುರಾಗಬಹುದು. ಶುಲ್ಕ ಕಟ್ಟುವ ವಾರದಲ್ಲಿ ಹೊಸ ಫೋನಿಗೆ ಹೋಗಬೇಡಿ.

ಆ ಬಳಿಕ ಒಬ್ಬರಿಂದ ಒಬ್ಬರಿಗೆ ದಿನದ ಮಿತಿ ಸಾಮಾನ್ಯವಾಗಿ 1 ಲಕ್ಷ. ಶಿಕ್ಷಣ ಸಂಸ್ಥೆಗಳಿಗೆ ಕಟ್ಟುವಾಗ ಮಿತಿ 5 ಲಕ್ಷದವರೆಗೆ ಇದೆ. ಆದರೆ ಸಂಸ್ಥೆ ಆ ವರ್ಗದಲ್ಲಿ ನೋಂದಾಯಿಸಿಕೊಂಡಿರಬೇಕು, ನಿಮ್ಮ ಬ್ಯಾಂಕ್ ತನ್ನ ಮಿತಿಯನ್ನು ಅದಕ್ಕಿಂತ ಕೆಳಗೆ ಇಟ್ಟಿರಬಾರದು. ಕಾಲೇಜಿನ ಸಿಬ್ಬಂದಿಯೊಬ್ಬರ ಸ್ವಂತ ಸಂಖ್ಯೆಗೆ ಶುಲ್ಕ ಹಾಕಬೇಡಿ. ರಸೀದಿಯೂ ಸಿಗುವುದಿಲ್ಲ, ತಕರಾರಿಗೆ ಆಧಾರವೂ ಇರುವುದಿಲ್ಲ.

ಟೀ, ಜೆರಾಕ್ಸ್, ಬಸ್ಸಿನಂಥ ಸಣ್ಣ ಖರ್ಚಿಗೆ ಆ್ಯಪ್‌ನೊಳಗಿನ ಪುಟ್ಟ ಪರ್ಸಿನಂಥ ಯುಪಿಐ ಲೈಟ್ ಹಾಕಿಕೊಳ್ಳಿ. ಅದರಲ್ಲಿ 5,000 ರೂಪಾಯಿವರೆಗೆ ತುಂಬಿಟ್ಟು, ಒಮ್ಮೆಗೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಸಂಜೆಯ ಹೊತ್ತು ಬ್ಯಾಂಕಿನ ಸರ್ವರ್ ತೆವಳುತ್ತಿದ್ದರೂ ಇದು ನಡೆಯುತ್ತದೆ, ಸ್ಟೇಟ್‌ಮೆಂಟಿನಲ್ಲಿ ಹತ್ತಿಪ್ಪತ್ತು ರೂಪಾಯಿಯ ಸಾಲುಗಳೂ ತುಂಬಿಕೊಳ್ಳುವುದಿಲ್ಲ. ಫೋನ್ ಕಳೆದರೆ ಅದರಲ್ಲಿ ತುಂಬಿಟ್ಟ ಹಣಕ್ಕೆ ಪಿನ್ನಿನ ಕಾವಲಿಲ್ಲವಾದ್ದರಿಂದ ಐನೂರೋ ಸಾವಿರವೋ ಇಟ್ಟರೆ ಸಾಕು.

ಸ್ವಂತ ಖಾತೆಯಲ್ಲಿ ಹಣವಿಲ್ಲ, ಅಪ್ಪನೋ ಅಕ್ಕನೋ ತಿಂಗಳ ಖರ್ಚು ಕೊಡುತ್ತಾರೆ ಎನ್ನುವವರಿಗೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಅನುಕೂಲ. ಮನೆಯವರ ಖಾತೆಯಿಂದಲೇ ನೀವು ನಿಮ್ಮ ಫೋನಿನಲ್ಲಿ ಪಾವತಿಸಬಹುದು. ಪೂರ್ಣ ಅಧಿಕಾರ ಕೊಟ್ಟರೆ ತಿಂಗಳಿಗೆ ಗರಿಷ್ಠ 15,000, ಒಮ್ಮೆಗೆ 5,000. ಭಾಗಶಃ ಕೊಟ್ಟರೆ ಪ್ರತಿ ಪಾವತಿಗೂ ಅವರ ಫೋನಿನಲ್ಲಿ ಒಪ್ಪಿಗೆ ಬೇಕು. ಕೀಪ್ಯಾಡ್ ಫೋನ್ ಇರುವವರಿಗೆ *99# ಮತ್ತು ಯುಪಿಐ 123ಪೇ ಇವೆ.

ಹಣ ಸಿಕ್ಕಿಕೊಂಡಾಗ, ತಪ್ಪಿಹೋದಾಗ, ಕಳವಾದಾಗ

ಈ ಮೂರೂ ಬೇರೆ ಬೇರೆ, ಮೂರಕ್ಕೂ ಮದ್ದು ಬೇರೆ.

ಖಾತೆಯಿಂದ ಕಡಿತವಾಗಿದೆ, ಎದುರಿನವರಿಗೆ ತಲುಪಿಲ್ಲ. ಕೂಡಲೇ ಎರಡನೇ ಸಲ ಕಟ್ಟಬೇಡಿ. ಆರ್‌ಬಿಐ 2019ರಲ್ಲಿ ಗಡುವು ನಿಗದಿ ಮಾಡಿದೆ: ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ವ್ಯಾಪಾರಿಗೆ ಅಥವಾ ಸಂಸ್ಥೆಗೆ ಕಟ್ಟಿದ್ದಾದರೆ 5 ದಿನದೊಳಗೆ ಹಣ ತಾನಾಗಿ ವಾಪಸಾಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ್ಯಪ್‌ನಲ್ಲಿ ಆ ವಹಿವಾಟನ್ನು ತೆರೆದು 12 ಅಂಕಿಯ ಯುಟಿಆರ್ (ವಹಿವಾಟಿನ ಗುರುತು) ಸಂಖ್ಯೆ ಬರೆದುಕೊಂಡು ಅಲ್ಲಿಂದಲೇ ದೂರು ಹಾಕಿ. ಬ್ಯಾಂಕಿನವರು ಹುಡುಕುವುದು ಆ ಸಂಖ್ಯೆಯನ್ನೇ, ಬರೀ ಸ್ಕ್ರೀನ್‌ಶಾಟ್ ಸಾಲದು. ಶುಲ್ಕದ ಕೊನೆಯ ದಿನಾಂಕಕ್ಕೆ ಕನಿಷ್ಠ ಒಂದು ವಾರ ಮುಂಚೆ ಕಟ್ಟಿ ಎಂಬ ಸಲಹೆ ಈ 5 ದಿನದ ಲೆಕ್ಕದಿಂದ ಬಂದದ್ದು.

ತಪ್ಪು ವ್ಯಕ್ತಿಗೆ ಕಳಿಸಿದ್ದು. ಇದು ವಿಫಲ ವಹಿವಾಟಲ್ಲ, ಆದ್ದರಿಂದ ಮೇಲಿನ ಗಡುವು ಅನ್ವಯಿಸುವುದಿಲ್ಲ. ಅಂದೇ ನಿಮ್ಮ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. ಬ್ಯಾಂಕ್ ಎದುರಿನ ಬ್ಯಾಂಕನ್ನು ಸಂಪರ್ಕಿಸುತ್ತದೆ, ಹಣ ಪಡೆದವರು ಒಪ್ಪಿದರೆ ಮರಳುತ್ತದೆ. ಪಿನ್ ಒತ್ತುವ ಮುನ್ನ ಪರದೆಯ ಮೇಲೆ ಬರುವ ಬ್ಯಾಂಕ್ ದಾಖಲೆಯ ಹೆಸರನ್ನು ಓದುವುದಕ್ಕೆ ಎರಡು ಸೆಕೆಂಡು ಸಾಕು.

ವಂಚನೆ. 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ಮೂರನ್ನೂ ಒಂದೇ ಗಂಟೆಯೊಳಗೆ ಮಾಡಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಆರ್‌ಬಿಐನ 2017ರ ನಿಯಮದಂತೆ, ನಿಮ್ಮ ಕಡೆಯಿಂದಲೂ ಬ್ಯಾಂಕಿನ ಕಡೆಯಿಂದಲೂ ತಪ್ಪಿಲ್ಲದ ಅನಧಿಕೃತ ವಹಿವಾಟನ್ನು 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. 4ರಿಂದ 7 ದಿನವಾದರೆ ಬಿಎಸ್‌ಬಿಡಿ ಖಾತೆಯವರ ಹೊಣೆ ಗರಿಷ್ಠ 5,000, ಮಾಮೂಲಿ ಉಳಿತಾಯ ಖಾತೆಯವರದು 10,000. ಆದರೆ ನೀವೇ ಪಿನ್ ಅಥವಾ ಒಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ಹಣ ಪಡೆಯಲು ಎಂದಿಗೂ ಪಿನ್ ಬೇಕಿಲ್ಲ. "ವಿದ್ಯಾರ್ಥಿವೇತನ ಜಮೆ ಮಾಡಲು ಪಿನ್ ಹಾಕಿ" ಎಂದು ಯಾರಾದರೂ ಹೇಳಿದರೆ ಅದು ವಂಚನೆಯೇ.

ಬ್ಯಾಂಕ್ 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ವಿಚಾರಿಸಲು ಸಂಖ್ಯೆ 14448. ಬ್ಯಾಂಕಿಗೆ ಮೊದಲು ದೂರು ಕೊಟ್ಟ ಸಂಖ್ಯೆ, ದಿನಾಂಕ ಇಲ್ಲದಿದ್ದರೆ ದೂರು ತಿರಸ್ಕೃತವಾಗುತ್ತದೆ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ.

ಖಾತೆಯನ್ನು ಬಾಡಿಗೆಗೆ ಕೊಡಬೇಡಿ

ಕ್ಯಾಂಪಸ್‌ಗಳಲ್ಲಿ ಈಗ ಇದು ತೀರಾ ಹೆಚ್ಚಾಗಿರುವುದರಿಂದ ಪ್ರತ್ಯೇಕವಾಗಿ ಹೇಳಬೇಕು. "ನಿನ್ನ ಖಾತೆಗೆ ಹಣ ಬರುತ್ತೆ, ತೆಗೆದುಕೊಡು, ಕಮಿಷನ್ ಕೊಡ್ತೀವಿ" ಎನ್ನುವವರು, ಎಟಿಎಂ ಕಾರ್ಡ್ ಮತ್ತು ಸಿಮ್ ಸಮೇತ ಖಾತೆ ಕೇಳುವವರು ಬಳಸುವುದು ವಂಚನೆಯ ಹಣ ಸಾಗಿಸಲು. ಹಣ ಕಳೆದುಕೊಂಡವರು ದೂರು ಕೊಟ್ಟ ಕೂಡಲೇ ಪೊಲೀಸರು ಬರುವುದು ಖಾತೆದಾರನ ಹೆಸರು ಹಿಡಿದು. ಖಾತೆ ಫ್ರೀಜ್ ಆಗುತ್ತದೆ, ವಿದ್ಯಾರ್ಥಿವೇತನವೂ ಅದರೊಳಗೇ ಸಿಕ್ಕಿಬೀಳುತ್ತದೆ, ಪ್ರಕರಣದಲ್ಲಿ ಆರೋಪಿಯಾಗುವ ಸಂದರ್ಭವೂ ಬರುತ್ತದೆ. ಗೆಳೆಯನೇ ಕೇಳಿದರೂ ಇಲ್ಲ ಎನ್ನಿ. ಅಪರಿಚಿತರಿಂದ ಅಕಸ್ಮಾತ್ ಹಣ ಬಂದರೆ ನೀವೇ ವಾಪಸ್ ಕಳಿಸಬೇಡಿ, ಬ್ಯಾಂಕಿಗೆ ಬರೆದು ಅವರ ಮೂಲಕವೇ ಮರಳಿಸಿ.

ಸಣ್ಣ ಸಾಲ: ಆ್ಯಪ್ ನಿಜವಾಗಿ ಎಷ್ಟು ಕೇಳುತ್ತದೆ

ಒಂದು ಲೆಕ್ಕ ಹಾಕೋಣ. 5,000 ರೂಪಾಯಿ ಸಾಲ, 15 ದಿನದ ಗಡುವು. "ಪ್ರೊಸೆಸಿಂಗ್ ಶುಲ್ಕ" ಎಂದು 750 ಮೊದಲೇ ಮುರಿದುಕೊಂಡು 4,250 ಕೈಗೆ ಬರುತ್ತದೆ. ಹದಿನೈದನೇ ದಿನ 5,000 ತೀರಿಸಬೇಕು. ಕೈಗೆ ಬಂದ ಹಣದ ಮೇಲೆ ಇದು 15 ದಿನಕ್ಕೆ ಶೇ 17.6, ವರ್ಷಕ್ಕೆ ಹಿಡಿದರೆ ಶೇ 429. ಜಾಹೀರಾತಿನಲ್ಲಿ ಬಡ್ಡಿ ಶೂನ್ಯ ಎಂದೇ ಬರೆದಿರಬಹುದು.

ಆರ್‌ಬಿಐ ನಿಯಮದ ಪ್ರಕಾರ ಪ್ರತಿ ಡಿಜಿಟಲ್ ಸಾಲಕ್ಕೂ ಮೊದಲೇ ಒಂದು ಮುಖ್ಯಾಂಶಗಳ ಪತ್ರ, ಅಂದರೆ ಕೆಎಫ್‌ಎಸ್, ಕೊಡಬೇಕು. ಅದರಲ್ಲಿ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ, ಎಪಿಆರ್, ಇರಲೇಬೇಕು. ನೋಡಬೇಕಾದ ಅಂಕಿ ಅದೊಂದೇ. ಸಾಲ ಕೊಡುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯ (ಬ್ಯಾಂಕಲ್ಲದ ಹಣಕಾಸು ಕಂಪನಿ) ಹೆಸರು ಕಾಣಬೇಕು. ಹಣ ಅದರ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು. ಕನಿಷ್ಠ ಒಂದು ದಿನ, ಮನಸ್ಸು ಬದಲಾದರೆ ಸಾಲ ಹಿಂತಿರುಗಿಸಲು ಅವಕಾಶವಿರಬೇಕು. ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್, ಗ್ಯಾಲರಿ ಕೇಳುವಂತಿಲ್ಲ. ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ, ಏಕೆಂದರೆ ಮುಂದೆ ಬೆದರಿಕೆಗೆ ಬಳಕೆಯಾಗುವುದು ಅವೇ. ಆ್ಯಪ್ ಯಾವ ಸಂಸ್ಥೆಗೆ ಸೇರಿದ್ದು ಎಂದು ಆರ್‌ಬಿಐ ಜಾಲತಾಣದಲ್ಲಿರುವ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯಲ್ಲಿ ಹುಡುಕಬಹುದು. ನಕಲಿ ಎನಿಸಿದರೆ ಆರ್‌ಬಿಐನ ಸಚೇತ್ ಪೋರ್ಟಲ್‌ನಲ್ಲಿ ದೂರು ಕೊಡಿ.

"ಈಗ ಕೊಳ್ಳಿ, ಆಮೇಲೆ ಕೊಡಿ" ಎಂಬುದೂ ಸಾಲವೇ. 800 ರೂಪಾಯಿಯ ಒಂದು ಕಂತು ಮರೆತರೂ ಸಾಲ ತೀರಿಸಿದ ಚರಿತ್ರೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಲ್ಲಿ ದಾಖಲಾಗಿ, ನಾಳೆಯ ಶಿಕ್ಷಣ ಸಾಲಕ್ಕೋ ವಾಹನ ಸಾಲಕ್ಕೋ ಅಡ್ಡ ಬರಬಹುದು. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತೆಗೆಸಿ ನೋಡಿ, ನಿಮ್ಮ ಪ್ಯಾನ್ ಬಳಸಿ ಬೇರೆ ಯಾರಾದರೂ ಸಾಲ ಪಡೆದಿದ್ದರೆ ಅಲ್ಲೇ ತಿಳಿಯುತ್ತದೆ.

ಶಿಕ್ಷಣ ಸಾಲ

ಮೊದಲು ಅಗ್ಗದ ಬಾಗಿಲು ತಟ್ಟಿ. ಸಿಇಟಿ ಮೂಲಕ ವೃತ್ತಿಪರ ಕೋರ್ಸ್ ಸೇರುವ ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ರಾಜ್ಯದ ಅಭಿವೃದ್ಧಿ ನಿಗಮಗಳ "ಅರಿವು" ಸಾಲ ಶೇ 2ರ ಬಡ್ಡಿಯಲ್ಲಿ ಸಿಗುತ್ತದೆ. ಅರ್ಜಿಯ ಅವಧಿ ಚಿಕ್ಕದು, ಆದಾಯದ ಮಿತಿಯಿದೆ. ಸಿಇಟಿ ಫಲಿತಾಂಶದ ಆಸುಪಾಸಿನಲ್ಲಿ ನಿಗಮದ ಪ್ರಕಟಣೆ ನೋಡುತ್ತಿರಿ.

ಬ್ಯಾಂಕ್ ಸಾಲಕ್ಕೆ ಎರಡು ಪೋರ್ಟಲ್‌ಗಳಿವೆ. 2015ರಿಂದ ಇರುವ ವಿದ್ಯಾಲಕ್ಷ್ಮಿಯಲ್ಲಿ ಹಲವು ಬ್ಯಾಂಕ್‌ಗಳ ಯೋಜನೆಗಳಿವೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಬೇರೆ ಯೋಜನೆ, ಅದರ ಪೋರ್ಟಲ್ಲೂ ಬೇರೆ. ಇದರಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಕಟ್ಟಬೇಕಿಲ್ಲದ ವಿರಾಮದ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ. ಆದರೆ ಸರ್ಕಾರ ಪಟ್ಟಿ ಮಾಡಿದ ಸಂಸ್ಥೆಗಳಿಗೆ ಮಾತ್ರ, ಅದೂ ಮೆರಿಟ್ ಸೀಟಿಗೆ. ಮ್ಯಾನೇಜ್‌ಮೆಂಟ್ ಕೋಟಾದವರು ಮಾಮೂಲಿ ವಿದ್ಯಾಲಕ್ಷ್ಮಿಗೆ ಹೋಗಬೇಕು.

ಪಟ್ಟಿಯಲ್ಲಿಲ್ಲದ ಕಾಲೇಜಾದರೂ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ. "ನಿಮ್ಮೂರು ನಮ್ಮ ಶಾಖೆಯ ವ್ಯಾಪ್ತಿಗೆ ಬರಲ್ಲ" ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತೆಯೂ ಇಲ್ಲ. ಆರ್‌ಬಿಐ ಎರಡನ್ನೂ ಸ್ಪಷ್ಟವಾಗಿ ಹೇಳಿದೆ.

ಕಾಗದಗಳಲ್ಲಿ ಎಲ್ಲರೂ ಎಡವುವುದು ಕಾಲೇಜಿನಿಂದ ತರುವ ವೆಚ್ಚದ ಪಟ್ಟಿಯಲ್ಲಿ. ಬೋಧನಾ ಶುಲ್ಕವನ್ನಷ್ಟೇ ಬರೆಸಿಕೊಂಡು ಬಂದರೆ ಸಾಲವೂ ಅಷ್ಟಕ್ಕೇ. ಹಾಸ್ಟೆಲ್, ಪರೀಕ್ಷಾ ಶುಲ್ಕ, ಪುಸ್ತಕ, ಲ್ಯಾಪ್‌ಟಾಪ್ ಎಲ್ಲವೂ ಸಾಲದೊಳಗೆ ಬರುತ್ತವೆ. ಇಡೀ ಕೋರ್ಸಿಗೆ ವರ್ಷವಾರು ಪಟ್ಟಿ ಮಾಡಿಸಿ. ಜೊತೆಗೆ ಅಂಕಪಟ್ಟಿಗಳು, ಪ್ರವೇಶ ಪತ್ರ, ನಿಮ್ಮ ಮತ್ತು ಸಹಸಾಲಗಾರರ ಆಧಾರ್-ಪ್ಯಾನ್, ಅವರ ಆದಾಯದ ದಾಖಲೆ. ಸಹಸಾಲಗಾರರ ಹಳೆಯ ಬೆಳೆ ಸಾಲವೋ ಸ್ವಸಹಾಯ ಸಂಘದ ಸಾಲವೋ ಬಾಕಿಯಾಗಿದ್ದರೆ ಅರ್ಜಿ ಬೀಳುವುದು ಅಲ್ಲಿಯೇ. ಅವರ ಸಿಬಿಲ್ ವರದಿಯನ್ನು ಮೊದಲೇ ತೆಗೆಸಿ, ತೀರಿಸಿದ ಸಾಲ ಬಾಕಿಯೆಂದು ತೋರಿಸುತ್ತಿದ್ದರೆ ಸರಿಪಡಿಸಿಕೊಳ್ಳಿ.

ಓದುವಾಗ ಬಡ್ಡಿ ಕಟ್ಟುವುದೋ ಬಿಡುವುದೋ ಎಂಬುದಕ್ಕೆ ಲೆಕ್ಕವೇ ಉತ್ತರ. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ 4 ಲಕ್ಷ, ಬಡ್ಡಿ ಶೇ 10 ಎಂದುಕೊಳ್ಳಿ. ಓದಿನ ಅವಧಿ ಮತ್ತು ಮೇಲೊಂದು ವರ್ಷ ಕಂತಿಲ್ಲ, ಸರಳ ಬಡ್ಡಿ ಮಾತ್ರ ಬೆಳೆಯುತ್ತದೆ. ನಾಲ್ಕು ಬಿಡುಗಡೆಗಳ ಮೇಲೆ ಕ್ರಮವಾಗಿ 50, 40, 30, 20 ಸಾವಿರ, ಒಟ್ಟು 1.4 ಲಕ್ಷ. ಕಂತು ಶುರುವಾಗುವಾಗ ಸಾಲ 5.4 ಲಕ್ಷ, ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,136. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದಿದ್ದರೆ ಕಂತು 5,286. ಮೊದಲ ವರ್ಷದಲ್ಲಿ ಆ ಬಡ್ಡಿ ತಿಂಗಳಿಗೆ 833 ರೂಪಾಯಿ ಮಾತ್ರ. ಹೀಗೆ ಕಟ್ಟುವವರಿಗೆ ಹಲವು ಬ್ಯಾಂಕ್‌ಗಳು ದರದಲ್ಲೂ ಶೇ 1 ಇಳಿಸುತ್ತವೆ. ಮಂಜೂರಾತಿ ಪತ್ರದಲ್ಲಿ ಅದನ್ನು ಬರೆಸಿಕೊಳ್ಳಿ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದನ್ನು ಹಿಡಿದು ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ, ಅಲ್ಲಿಯೂ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಬಳಿಗೆ ಹೋಗಬಹುದು. ಸಾಲ ಸಿಕ್ಕವರು ಪ್ರತಿ ವರ್ಷ ಅಂಕಪಟ್ಟಿಯನ್ನು ಶಾಖೆಗೆ ಕೊಡಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಹಣ ಬಿಡುಗಡೆಯಾಗುವುದಿಲ್ಲ. ಬಡ್ಡಿ ರಿಯಾಯಿತಿ ಇರುವವರು ಅದು ಸಾಲದ ಖಾತೆಗೆ ಬಿದ್ದಿದೆಯೇ ಎಂದು ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟಿನಲ್ಲಿ ನೋಡಿಕೊಳ್ಳಿ. ಕೆಲಸ ಸಿಕ್ಕು ಬೇರೆ ಊರಿಗೆ ಹೋಗುವಾಗ ಹಳೆಯ ಸಿಮ್ ಬಿಡುವ ಮೊದಲೇ ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ಹೊಸ ಸಂಖ್ಯೆ ಹಾಕಿಸಿ. ಬಿಟ್ಟ ಸಂಖ್ಯೆಯನ್ನು ಟೆಲಿಕಾಂ ಕಂಪನಿ ಕೆಲವು ತಿಂಗಳ ಬಳಿಕ ಬೇರೆಯವರಿಗೆ ಕೊಡುತ್ತದೆ. ಆಮೇಲೆ ಕಂತಿನ ಸಂದೇಶವೂ ಒಟಿಪಿಯೂ ಅವರ ಫೋನಿಗೆ ಹೋಗುತ್ತವೆ.